ಹರಾಜಿಗೆ ಮುಂಚಿನ ದಿನಗಳು

ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದ ಒಂದು ಚೌಕ ಬರುತ್ತದೆ. ಮೇಲೆ ‘ಸ್ವಾಧೀನ ನೋಟಿಸ್’ ಎಂಬ ತಲೆಬರಹ. ಕೆಳಗೆ ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಮೊತ್ತ, ಆಮೇಲೆ ಮನೆಯ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಸೈಟು, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಓಣಿ. ಹೆಚ್ಚಿನವರು ಆ ಪುಟ ಮಗುಚಿ ಮುಂದೆ ಹೋಗುತ್ತೇವೆ. ದಾವಣಗೆರೆಯಲ್ಲಿರುವ ನನ್ನ ಸೋದರತ್ತೆಯ ಮಗನ ಹೆಂಡತಿ ಒಂದು ಬೆಳಿಗ್ಗೆ ಆ ಚೌಕದಲ್ಲಿ ತನ್ನದೇ ಹೆಸರು ಓದಿದಳು.

ಸಾಲ ಇಬ್ಬರ ಹೆಸರಿನಲ್ಲಿತ್ತು. ಹೆಂಗಸಿನ ಹೆಸರು ಸೇರಿಸಿದರೆ ಬಡ್ಡಿ ಚೂರು ಕಡಿಮೆ ಎಂದು ಬ್ಯಾಂಕಿನವರು ಹೇಳಿದ್ದಕ್ಕೆ ಅವಳೂ ಸಹಿ ಹಾಕಿದ್ದಳು. ಕಂತು ನಿಂತಿದ್ದು ಅವಳಿಗೆ ಗೊತ್ತಿರಲಿಲ್ಲ. ಬ್ಯಾಂಕಿನಿಂದ ಬಂದ ಮೂರು ರಿಜಿಸ್ಟರ್ಡ್ ಲಕೋಟೆಗಳನ್ನು ಗಂಡ ಒಡೆಯದೆ ಬೀರುವಿನ ಕೆಳಖಾನೆಯಲ್ಲಿ, ಹಾಸಿದ್ದ ಪೇಪರಿನ ಅಡಿಗೆ ಸೇರಿಸಿದ್ದ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಅಂಗಡಿಯ ವ್ಯಾಪಾರ ಬಿದ್ದುಹೋಗಿ, ತಾಯಿಯ ಆಸ್ಪತ್ರೆ ಖರ್ಚು ತಲೆಯ ಮೇಲಿದ್ದಾಗ, ಒಡೆಯದ ಲಕೋಟೆ ಇನ್ನೂ ಆಗದೇ ಇರುವ ಸಂಗತಿಯ ಹಾಗೆ ಕಾಣುತ್ತದೆ. ಆದರೆ ಅಂದು ಸಂಜೆ ಆ ಲಕೋಟೆಗಳನ್ನು ಒಡೆದು ಊಟದ ಮೇಜಿನ ಮೇಲೆ ತಾರೀಖಿನ ಪ್ರಕಾರ ಜೋಡಿಸಿದಾಗ ನನಗೆ ಹೊಟ್ಟೆ ಉರಿದಿದ್ದು ಒಂದೇ ಕಾರಣಕ್ಕೆ. ಪ್ರತಿ ಕಾಗದದಲ್ಲೂ ಒಂದು ಅವಕಾಶ ಇತ್ತು, ಪ್ರತಿ ಅವಕಾಶಕ್ಕೂ ಗಡುವು ಇತ್ತು. ಮೊದಲ ಎರಡು ಆಗಲೇ ಮುಗಿದಿದ್ದವು.

ನಮ್ಮ ಬ್ಯಾಂಕುಗಳಲ್ಲಿ ‘ಫೋರ್‌ಕ್ಲೋಷರ್’ ಅಂದರೆ ಅವಧಿಗೆ ಮುಂಚೆ ಸಾಲ ತೀರಿಸಿ ನಿರಾಳವಾಗುವುದು. ಅಮೆರಿಕದಲ್ಲಿ ಅದೇ ಪದಕ್ಕೆ ಮನೆ ಕಳೆದುಕೊಳ್ಳುವುದು ಎಂದರ್ಥ. ನಮ್ಮಲ್ಲಿ ಆ ಕೆಲಸಕ್ಕಿರುವ ಹೆಸರು ಸರ್ಫೇಸಿ, 2002ರ ಕಾಯ್ದೆ. ಅದಕ್ಕೂ ಮುಂಚೆ ಅಡಮಾನದ ಆಸ್ತಿ ಮಾರಲು ಬ್ಯಾಂಕು ಕೋರ್ಟಿಗೋ ಸಾಲ ವಸೂಲಾತಿ ನ್ಯಾಯಮಂಡಳಿಗೋ ಹೋಗಿ ವರ್ಷಗಟ್ಟಲೆ ಅಲೆಯಬೇಕಿತ್ತು. ಈ ಕಾಯ್ದೆ ಬಂದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತದೆಯೇ ನೋಟಿಸು ಕೊಟ್ಟು, ಸ್ವಾಧೀನಕ್ಕೆ ತೆಗೆದುಕೊಂಡು, ಹರಾಜು ಹಾಕಬಹುದು. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನ್ಯಾಯಮಂಡಳಿಗೆ ಹೋಗುವ ಮೊದಲೇ ಬಾಕಿಯ ಶೇ 75ರಷ್ಟು ಹಣ ಇಡಬೇಕು ಎಂಬ ಷರತ್ತನ್ನು ಮಾತ್ರ ಹೊಡೆದುಹಾಕಿತು. ದೊಡ್ಡ ಕಂಪನಿಗಳ ಸುಸ್ತಿ ಸಾಲ ವಸೂಲಿಗೆಂದು ಹೊರಟ ಕಾನೂನು ಇವತ್ತು ಎರಡು ಕೋಣೆಯ ಮನೆಗಳ ಗೇಟಿಗೂ ಅಂಟುತ್ತಿದೆ. ಕಂಪನಿಯ ಬಳಿ ವಕೀಲರ ಪಡೆ ಇರುತ್ತದೆ. ಮನೆಯವರ ಬಳಿ ಇರುವುದು ದಿನಗಳು ಮಾತ್ರ.

ಆ ದಿನಗಳ ಲೆಕ್ಕ ನೋಟಿಸಿಗೂ ಮುಂಚೆಯೇ ಶುರುವಾಗುತ್ತದೆ. ನಮ್ಮವನು 2021ರ ಕೊನೆಗೆ ತೆಗೆದದ್ದು 30 ಲಕ್ಷ, 20 ವರ್ಷಕ್ಕೆ, ಶೇ 6.75ರ ಬದಲಾಗುವ ಬಡ್ಡಿಗೆ. ಕಂತು 22,811 ರೂಪಾಯಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಅವನ ಬಡ್ಡಿ 9.25 ಆಯಿತು. ಅಷ್ಟೊತ್ತಿಗೆ ಅಸಲು ಸುಮಾರು 29 ಲಕ್ಷಕ್ಕೆ ಇಳಿದಿತ್ತು, ಅದರ ತಿಂಗಳ ಬಡ್ಡಿಯೇ 22,354 ರೂಪಾಯಿ. ಹಳೆಯ ಕಂತನ್ನೇ ಕಟ್ಟಿದರೆ ಅಸಲಿಗೆ ಸೇರುವುದು 457 ರೂಪಾಯಿ. ಹಾಗೆ ಕಟ್ಟುತ್ತಾ ಹೋದರೆ ಸಾಲ ತೀರಲು ಇನ್ನೂ 42 ವರ್ಷ ಬೇಕು. ಬ್ಯಾಂಕು ಅಷ್ಟು ಕಾಯುವುದಿಲ್ಲ, ಕಂತನ್ನು 27 ಸಾವಿರ ದಾಟಿಸಿತು. ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಹೆಚ್ಚುವರಿ. ಅಂಗಡಿ ನಡೆಯುತ್ತಿದ್ದಾಗ ಹೇಗೋ ಎಳೆದ. ನಿಂತಾಗ ಆಗಲಿಲ್ಲ.

ಬಡ್ಡಿ ಏರಿದಾಗ ಕಂತು ಹೆಚ್ಚಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ, ಸ್ಥಿರ ಬಡ್ಡಿಗೆ ಬದಲಾಗಬೇಕೋ ಎಂದು ಸಾಲಗಾರರನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ನಮ್ಮವನಿಗೆ ಬಂದದ್ದು ಒಂದು ಎಸ್ಸೆಮ್ಮೆಸ್. ಅದನ್ನು ಅವನು ಜಾಹೀರಾತು ಅಂದುಕೊಂಡ. 2025ರಲ್ಲಿ ರೆಪೊ ದರ ಇಳಿಯತೊಡಗಿ ಜೂನ್ ಹೊತ್ತಿಗೆ 5.5ಕ್ಕೆ ಬಂತು. ರೆಪೊಗೆ ಜೋಡಿಸಿದ ಬ್ಯಾಂಕ್ ಸಾಲಗಳಲ್ಲಿ ಇಳಿಕೆ ತಾನಾಗಿ ಸೇರುತ್ತದೆ. ಹಳೆಯ ಪದ್ಧತಿಯ ಸಾಲಗಳಲ್ಲಿ, ಹೌಸಿಂಗ್ ಫೈನಾನ್ಸ್ ಕಂಪನಿಗಳ ಸಾಲಗಳಲ್ಲಿ ಹಾಗೆ ಸೇರಬೇಕೆಂದೇನೂ ಇಲ್ಲ. ನಿಮ್ಮ ಪಾಸ್‌ಬುಕ್ಕಿನಲ್ಲಿ ಇವತ್ತಿನ ದರ ಎಷ್ಟಿದೆ ಎಂದು ಒಮ್ಮೆ ನೋಡಿ. ಅರ್ಧ ಪರ್ಸೆಂಟಿನ ವ್ಯತ್ಯಾಸವೂ ಕಂತಿನಲ್ಲಿ ಎದ್ದು ಕಾಣುತ್ತದೆ.

ಕಂತು ತಪ್ಪಿದ ಮೊದಲ 90 ದಿನ ಅತ್ಯಂತ ಬೆಲೆಬಾಳುವ ಕಾಲ. 30 ದಿನದೊಳಗೆ, 60ರೊಳಗೆ, 90ರೊಳಗೆ ಎಂದು ಬ್ಯಾಂಕು ಸಾಲವನ್ನು ಮೂರು ಹಂತದಲ್ಲಿ ಗುರುತು ಹಾಕಿಕೊಳ್ಳುತ್ತದೆ. 90 ದಾಟಿತೋ, ಅದು ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಆ ಹಣೆಪಟ್ಟಿ ಕಳಚುವುದಿಲ್ಲ, ತಪ್ಪಿದ ಕಂತುಗಳ ಅಷ್ಟೂ ಅಸಲು ಬಡ್ಡಿ ಕಟ್ಟಿದರೆ ಮಾತ್ರ ಕಳಚುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ನಾಲ್ಕನೇ ತಿಂಗಳು ಒಡವೆ ಅಡ ಇಟ್ಟು ಒಂದು ಕಂತು ಕಟ್ಟಿ, ಗಂಡಾಂತರ ತಪ್ಪಿತು ಎಂದುಕೊಳ್ಳುತ್ತಾರೆ. ಅವಧಿ ಹಿಗ್ಗಿಸುವುದು, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟುವುದು, ಕಡಿಮೆ ಬಡ್ಡಿಯ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದು, ಇವೆಲ್ಲ ಖಾತೆ ಇನ್ನೂ ಚೊಕ್ಕವಾಗಿರುವಾಗ ನಡೆಯುವ ಮಾತು. ಎನ್‌ಪಿಎ ಆದ ಸಾಲವನ್ನು ಬೇರೆ ಬ್ಯಾಂಕು ಮುಟ್ಟುವುದು ಅಪರೂಪ. ಹಾಗಾಗಿ ಮೊದಲ ಕಂತು ತಪ್ಪುವ ಸೂಚನೆ ಸಿಕ್ಕಾಗಲೇ ಬ್ರಾಂಚಿಗೆ ಹೋಗಿ ಅರ್ಜಿ ಕೊಡಿ. ಬಾಯಿಮಾತಲ್ಲಿ ಹೇಳಿ ಬರಬೇಡಿ, ಬರೆದುಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಸೀಲಿನ ಬೆಲೆ ಮುಂದೆ ತಿಳಿಯುತ್ತದೆ.

ಇದೇ ಹೊತ್ತಿನಲ್ಲಿ ನೋಡಬೇಕಾದ ಇನ್ನೊಂದು ಕಾಗದವಿದೆ. ಸಾಲಗಾರನೇ ತೀರಿಕೊಂಡಿದ್ದರೆ, ಸಾಲ ಕೊಡುವಾಗ ಬ್ಯಾಂಕು ಜೀವವಿಮೆ ಮಾಡಿಸಿತ್ತೇ ಎಂದು ಹುಡುಕಿ. ಎಷ್ಟೋ ಗೃಹಸಾಲಗಳಲ್ಲಿ ಒಂದೇ ಸಲ ಕಟ್ಟುವ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸಿರುತ್ತಾರೆ. ಮನೆಯವರಿಗೆ ಅದರ ಸುಳಿವೂ ಇರುವುದಿಲ್ಲ. ಸಾಲ ಮಂಜೂರಾತಿ ಪತ್ರವನ್ನೂ ಮೊದಲ ತಿಂಗಳ ಸ್ಟೇಟ್‌ಮೆಂಟನ್ನೂ ತೆಗೆದು ಒಂದೊಂದೇ ಸಾಲು ಓದಿ. ಗಂಡನನ್ನು ಕಳೆದುಕೊಂಡವಳು ಕಟ್ಟಬೇಕಿಲ್ಲದ ಸಾಲಕ್ಕೆ ಮನೆಯನ್ನೂ ಕಳೆದುಕೊಳ್ಳಬಾರದು.

ಈಗ ನೋಟಿಸಿಗೆ ಬರೋಣ. ಎನ್‌ಪಿಎ ಆದ ಮೇಲೆ ಬರುವ ಮೊದಲ ಗಂಭೀರ ಲಕೋಟೆ ಕಾಯ್ದೆಯ 13(2)ನೇ ಕಲಮಿನದು: 60 ದಿನದೊಳಗೆ ಪೂರ್ತಿ ಬಾಕಿ ಕಟ್ಟಿ. ಮೂರು ಕಂತಿನದಲ್ಲ, ಇಡೀ ಸಾಲದ್ದು. ಅದನ್ನು ಓದಿದವರಿಗೆ ಕೈಕಾಲು ತಣ್ಣಗಾಗುವುದು ಸಹಜ. ಆದರೆ ಅದಕ್ಕೆ ಉತ್ತರ ಬರೆಯುವ ಹಕ್ಕು 13(3ಎ) ಕಲಮಿನಲ್ಲಿದೆ. ಲೆಕ್ಕ ತಪ್ಪಿದ್ದರೆ, ಕಟ್ಟಿದ ಹಣ ಜಮಾ ಆಗಿಲ್ಲದಿದ್ದರೆ, ದಂಡವನ್ನು ಬಡ್ಡಿಯಾಗಿ ಸೇರಿಸಿದ್ದರೆ ಬರೆಯಿರಿ. ದಂಡದ ಬಡ್ಡಿ ಹಾಕುವ ಹಾಗಿಲ್ಲ, ದಂಡಶುಲ್ಕ ಮಾತ್ರ ಹಾಕಬಹುದು, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. ಲೆಕ್ಕ ಸರಿಯಿದ್ದರೂ ಬರೆಯಿರಿ: ಇಷ್ಟು ತಿಂಗಳು ಕೊಡಿ, ಹೀಗೆ ಕಟ್ಟುತ್ತೇನೆ, ಆದಾಯದ ದಾಖಲೆ ಇಲ್ಲಿದೆ ಅಂತ. ಬ್ಯಾಂಕು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಲೇಬೇಕು. ಉತ್ತರಿಸದೆ ಮುಂದೆ ಹೋದರೆ ಆ ಲೋಪ ಮುಂದೆ ನ್ಯಾಯಮಂಡಳಿಯಲ್ಲಿ ನಿಮ್ಮ ಕೈಗೆ ಸಿಗುವ ಆಧಾರ. ನಮ್ಮವನ ಮೊದಲ ಲಕೋಟೆ ಇದೇ ಆಗಿತ್ತು. 60 ದಿನ ಬೀರುವಿನಲ್ಲೇ ಕಳೆದವು.

ನೋಟಿಸು ಬಂದಾಗ ಮೊದಲು ಕೇಳಿಕೊಳ್ಳಬೇಕಾದ್ದು, ಈ ಕಾಯ್ದೆ ನಮಗೆ ಅನ್ವಯಿಸುತ್ತದೆಯೇ ಎಂಬುದು. ಅಸಲು ಬಡ್ಡಿ ಸೇರಿದ ಮೊತ್ತದಲ್ಲಿ ಉಳಿದ ಬಾಕಿ ಶೇ 20ಕ್ಕಿಂತ ಕಡಿಮೆ ಇದ್ದರೆ ಸರ್ಫೇಸಿ ಬಳಸುವಂತಿಲ್ಲ. ಅಂದರೆ ಹದಿನೈದು ಹದಿನೆಂಟು ವರ್ಷ ಕಟ್ಟಿ ಕೊನೆಗೆ ಸೋತವರಿಗೆ ಅದೊಂದು ರಕ್ಷೆ. ಕೃಷಿಭೂಮಿಯ ಮೇಲಿನ ಅಡಮಾನಕ್ಕೂ ವಿನಾಯಿತಿ ಇದೆ. ಮನೆ ಸಾಲ ಕೊಟ್ಟದ್ದು ಬ್ಯಾಂಕೇತರ ಹಣಕಾಸು ಕಂಪನಿಯಾದರೆ 20 ಲಕ್ಷಕ್ಕಿಂತ ಕಡಿಮೆ ಸಾಲಕ್ಕೆ ಅದು ಈ ಕಾಯ್ದೆ ಹಿಡಿದು ಬರಲಾಗದು, ಆದರೆ ಹೌಸಿಂಗ್ ಫೈನಾನ್ಸ್ ಕಂಪನಿಗಳ ಲೆಕ್ಕ ಬೇರೆ. ನಗರ ಸಹಕಾರಿ ಬ್ಯಾಂಕುಗಳಿಗೂ ಸರ್ಫೇಸಿ ಅನ್ವಯಿಸುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ತಾಲ್ಲೂಕುಗಳ ಪತ್ತಿನ ಸಹಕಾರ ಸಂಘಗಳು ಬ್ಯಾಂಕುಗಳಲ್ಲ. ಅವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಿಬಂಧಕರ ಮುಂದೆ ದಾವೆ ಹೂಡಿ ತೀರ್ಪು ಪಡೆಯಬೇಕು. ಅಲ್ಲಿ ನಿಮ್ಮ ಮಾತು ಮೊದಲೇ ಕೇಳುತ್ತಾರೆ. ಆ ವಿಚಾರಣೆಗೆ ಹೋಗದೆ ಎಕ್ಸ್‌ಪಾರ್ಟೆ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಪು, ಮಾಡಿಸಿಕೊಳ್ಳುವುದು ದೊಡ್ಡ ತಪ್ಪು.

60 ದಿನ ಮುಗಿದರೆ 13(4)ರ ಪ್ರಕಾರ ಸ್ವಾಧೀನ. ಇಲ್ಲಿ ಎರಡು ಬಗೆ. ಗೇಟಿಗೋ ಬಾಗಿಲಿಗೋ ಕಾಗದ ಅಂಟಿಸಿ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದ್ದು, ಪ್ರಕಟಿಸುವುದು ಸಾಂಕೇತಿಕ ಸ್ವಾಧೀನ. ಮನೆಯಲ್ಲಿ ನೀವೇ ಇರುತ್ತೀರಿ. ಬೀಗ ಹಾಕಿ ಹೊರಗೆ ಕಳಿಸುವುದು ಭೌತಿಕ ಸ್ವಾಧೀನ. ಮನೆಯವರು ತಾವಾಗಿ ಬಿಟ್ಟುಕೊಡದಿದ್ದರೆ ಬ್ಯಾಂಕು ಜಿಲ್ಲಾಧಿಕಾರಿಗಳ ಬಳಿಗೋ, ಬೆಂಗಳೂರಿನಂಥ ಕಡೆ ಮುಖ್ಯ ಮ್ಯಾಜಿಸ್ಟ್ರೇಟರ ಬಳಿಗೋ ಹೋಗಿ ಆದೇಶ ತರುತ್ತದೆ. ಮನೆ ಬಾಗಿಲಿಗೆ ಬಂದು ‘ನಾಳೆಯೇ ಖಾಲಿ ಮಾಡಿ’ ಎನ್ನುವ ವಸೂಲಿ ಏಜೆಂಟನಿಗೆ ಆ ಅಧಿಕಾರವಿಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಅವನು ಫೋನು ಮಾಡುವುದಕ್ಕೂ ಇಲ್ಲ. ಬೆದರಿಸಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448. ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ. ಆದರೆ ಓಂಬುಡ್ಸ್‌ಮನ್ ಹರಾಜು ತಡೆಯುತ್ತಾರೆಂದು ಕಾಯಬೇಡಿ, ಅವರ ಕೆಲಸ ಸೇವೆಯ ಲೋಪ ನೋಡುವುದು.

ಹರಾಜು ತಡೆಯುವ ಜಾಗ ಸಾಲ ವಸೂಲಾತಿ ನ್ಯಾಯಮಂಡಳಿ, ಎಲ್ಲರ ಬಾಯಲ್ಲಿ ಡಿಆರ್‌ಟಿ. ಕರ್ನಾಟಕದವರಿಗೆ ಅದಿರುವುದು ಬೆಂಗಳೂರಿನಲ್ಲಿ. ಬೀದರಿನವರೂ ಅಲ್ಲಿಗೇ ಬರಬೇಕು, ಮೇಲ್ಮನವಿಗೆ ಚೆನ್ನೈಗೆ ಹೋಗಬೇಕು. ಇದು ಸಣ್ಣ ಮಾತಲ್ಲ. ವಕೀಲರ ಫೀಸು, ಬಸ್ ಚಾರ್ಜು, ಕೂಲಿ ತಪ್ಪಿದ ದಿನಗಳು ಎಲ್ಲ ಸೇರಿ ಎಷ್ಟೋ ಜನ ಹೋಗುವುದನ್ನೇ ಬಿಡುತ್ತಾರೆ. ಸ್ವಾಧೀನದ ಕ್ರಮ ನಡೆದ ದಿನದಿಂದ 45 ದಿನ ಗಡುವು. ನೋಟಿಸು ಸರಿಯಾಗಿ ತಲುಪಿಲ್ಲ, ಆಕ್ಷೇಪಣೆಗೆ ಉತ್ತರ ಕೊಟ್ಟಿಲ್ಲ, ಮೌಲ್ಯಮಾಪನ ಕಡಿಮೆ, ಹರಾಜಿಗೆ ಬೇಕಾದ ದಿನ ಬಿಟ್ಟಿಲ್ಲ, ಇಂಥವು ಅಲ್ಲಿ ನಡೆಯುವ ವಾದ. ‘ಕಷ್ಟದಲ್ಲಿದ್ದೇನೆ’ ಎಂಬುದೊಂದೇ ವಾದವಾದರೆ, ಒಂದಷ್ಟು ಹಣ ಕಟ್ಟಿಸಿಕೊಂಡು ಸ್ವಲ್ಪ ಕಾಲಾವಕಾಶ ಕೊಟ್ಟಾರು, ಅಷ್ಟೇ. ಸಿವಿಲ್ ಕೋರ್ಟಿನಲ್ಲಿ ಮಗನ ಕೈಲೋ ತಂಗಿಯ ಕೈಲೋ ಪಾಲು ದಾವೆ ಹಾಕಿಸಿ ಸ್ಟೇ ತರುವ ಉಪಾಯ ಹೇಳಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಇಂಥ ವಿಷಯದಲ್ಲಿ ಸಿವಿಲ್ ಕೋರ್ಟಿನ ಕೈಯನ್ನು ಕಾಯ್ದೆಯ 34ನೇ ಕಲಮು ಕಟ್ಟಿದೆ. ನಿಜವಾದ ಪಾಲುದಾರರ ಮಾತು ಬೇರೆ. ನಾಟಕದ ದಾವೆಯಿಂದ ಹೋಗುವುದು 45 ದಿನವೂ, ಇದ್ದ ದುಡ್ಡೂ.

ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ನ್ಯಾಯಮಂಡಳಿಗಳಿಗೂ ಅನ್ವಯಿಸುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ. ಹೆಂಡತಿಯ ಹೆಸರು ಸಾಲದಲ್ಲಿದ್ದರೆ ಅವಳೇ ಅರ್ಜಿ ಹಾಕಬಹುದು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಚೇರಿ ಇದೆ, ಸಹಾಯವಾಣಿ 15100.

ನಮ್ಮ ಮನೆಯ ಸಂಗತಿಯಲ್ಲಿ ಡಿಆರ್‌ಟಿಗೆ ಹೋಗುವ ಆಧಾರ ಕಾಣಲಿಲ್ಲ. ನೋಟಿಸು ಸರಿಯಾಗೇ ತಲುಪಿತ್ತು, ಲೆಕ್ಕವೂ ಸರಿಯಿತ್ತು. ಬಾಕಿ 31 ಲಕ್ಷದ ಹತ್ತಿರ. ಓಟಿಎಸ್ ಕೇಳಿದೆವು, ಅಂದರೆ ಒಂದೇ ಗಂಟಿನಲ್ಲಿ ಕಡಿಮೆ ಮೊತ್ತಕ್ಕೆ ಇತ್ಯರ್ಥ. ಸಾಲಕ್ಕಿಂತ ಹೆಚ್ಚು ಬೆಲೆಬಾಳುವ ಮನೆ ಅಡಮಾನದಲ್ಲಿರುವಾಗ ಬ್ಯಾಂಕು ಯಾಕೆ ಬಿಟ್ಟುಕೊಡುತ್ತದೆ? ಒಂದಿಷ್ಟು ದಂಡಶುಲ್ಕ ಕಡಿಮೆ ಮಾಡುತ್ತೇವೆ ಎಂದರು, ಮುಗಿಯಿತು. ಓಟಿಎಸ್ ಕೊಡಿ ಎಂದು ಹಕ್ಕಿನಿಂದ ಕೇಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟೂ 2021ರಲ್ಲಿ ಹೇಳಿದೆ. ಆಸ್ತಿಯ ಬೆಲೆ ಸಾಲಕ್ಕಿಂತ ಕುಸಿದಿದ್ದರೆ, ದಾಖಲೆಯಲ್ಲಿ ತೊಡಕಿದ್ದರೆ ಬ್ಯಾಂಕು ಬಗ್ಗುತ್ತದೆ. ಲೋಕ ಅದಾಲತ್‌ನಲ್ಲೂ ಹಾಗೆ ಬಗೆಹರಿದದ್ದುಂಟು. ಒಪ್ಪಂದವಾದರೆ ಪತ್ರದಲ್ಲಿ ಮೊತ್ತ, ಗಡುವು, ಕೇಸು ಹಿಂತೆಗೆಯುವ ಮಾತು ಎಲ್ಲ ಇರಲಿ. ಎಲ್ಲರ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂಬ ಗುರುತು ವರ್ಷಗಟ್ಟಲೆ ಉಳಿಯುತ್ತದೆ ಎಂಬುದೂ ನೆನಪಿರಲಿ.

ಉಳಿದದ್ದು ಮನೆಯನ್ನು ತಾವೇ ಮಾರುವುದು. ಆ ಮಾತು ಆಡಲು ನನಗೆ ಎರಡು ದಿನ ಹಿಡಿಯಿತು. ಗೃಹಪ್ರವೇಶದ ತೋರಣದ ಮೊಳೆ ಇನ್ನೂ ಬಾಗಿಲ ಮೇಲಿತ್ತು. ಹೇಳಿದಾಗ ಅವನು ಎದ್ದು ಹಿತ್ತಿಲಿಗೆ ಹೋದ. ಅವಳು ಮಾತ್ರ ‘ಹರಾಜಾದರೆ ಎಷ್ಟು ಕೈಗೆ ಬರುತ್ತದೆ, ಮಾರಿದರೆ ಎಷ್ಟು’ ಎಂದು ಕೇಳಿದಳು. ಆ ಬೀದಿಯಲ್ಲಿ ಅಂಥ ಮನೆಗೆ 55 ಲಕ್ಷ ನಡೆಯುತ್ತಿತ್ತು. ಹರಾಜಿನಲ್ಲಿ ಮೀಸಲು ಬೆಲೆಯನ್ನೇ, ಅಂದರೆ ಬಿಡ್ ಶುರುವಾಗುವ ಕನಿಷ್ಠ ಬೆಲೆಯನ್ನೇ, ಕಡಿಮೆ ಇಡುತ್ತಾರೆ. ಒಳಗೆ ಜನ ಇರುವ ಮನೆಗೆ ಬಿಡ್ ಹಾಕುವವರು ಕೇಸಿನ ಭಯವನ್ನೂ ಬೆಲೆಯಲ್ಲಿ ಕಳೆಯುತ್ತಾರೆ. ಒಮ್ಮೆ ಯಾರೂ ಬರದಿದ್ದರೆ ಮುಂದಿನ ಸಲ ಬೆಲೆ ಇನ್ನೂ ಇಳಿಯುತ್ತದೆ. ಹರಾಜಿನ ಖರ್ಚೂ ನಿಮ್ಮ ಲೆಕ್ಕಕ್ಕೇ. ಸಾಲ, ಖರ್ಚು ಕಳೆದು ಉಳಿದದ್ದು ಮನೆಯವರಿಗೆ ಸೇರಬೇಕು, ಅದು ಕಾನೂನು. ಎಷ್ಟೋ ಜನ ಮನೆ ಹೋಯಿತೆಂದು ಊರು ಬಿಟ್ಟು, ಅದನ್ನು ಕೇಳುವುದೇ ಇಲ್ಲ. ಹರಾಜಿನ ಹಣ ಸಾಲಕ್ಕೆ ಸಾಲದಿದ್ದರೆ ಮಿಕ್ಕ ಬಾಕಿ ಮತ್ತೆ ಬೆನ್ನಿಗೆ ಬರುತ್ತದೆ.

ತಾವೇ ಮಾರುವುದಕ್ಕೂ ಗೆರೆಗಳಿವೆ. 13(2)ರ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆಸ್ತಿ ಮಾರುವಂತಿಲ್ಲ, ಬಾಡಿಗೆ ಕರಾರೂ ಮಾಡುವಂತಿಲ್ಲ. ಇನ್ನೊಂದು ಗೆರೆ ಅದಕ್ಕಿಂತ ಕಠಿಣ. ಮೊದಲೆಲ್ಲ ಹರಾಜಿನ ಕೊನೆಗಳಿಗೆಯವರೆಗೂ ಪೂರ್ತಿ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಎಂಬ ನಂಬಿಕೆ ಇತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ನೋಟಿಸು ಪ್ರಕಟವಾಗುವವರೆಗೆ ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿತು. ಹರಾಜು ಮುಗಿದ ಮೇಲೆ ಸಾಲಗಾರ ಪೂರ್ತಿ ಹಣ ತಂದರೂ ಮನೆ ಬಿಡ್ ಗೆದ್ದವನಿಗೇ. ಹರಾಜಿಗೆ 30 ದಿನವಿದೆಯಲ್ಲ, ಅಷ್ಟರಲ್ಲಿ ಹೊಂದಿಸುತ್ತೇನೆ ಎಂದು ಓಡಾಡುವವರ ಹಕ್ಕು ಆ 30 ದಿನ ಶುರುವಾಗುವ ಹೊತ್ತಿಗೇ ಮುಗಿದಿರುತ್ತದೆ. ಸಾಮಾನ್ಯ ಜನಕ್ಕೆ ಇದು ತಿಳಿಯುವ ದಾರಿಯೇ ಇಲ್ಲ. ಈ ಒಂದು ವಾಕ್ಯವನ್ನು ಮೊದಲ ನೋಟಿಸಿನಲ್ಲೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಮಾಡಿಸಬೇಕು ಎಂಬುದು ನನ್ನ ಆಗ್ರಹ.

ಅಮೆರಿಕದಲ್ಲಿ ಕಂತು ತಪ್ಪಿ ಸಾಮಾನ್ಯವಾಗಿ 120 ದಿನ ದಾಟುವ ತನಕ ಜಪ್ತಿಯ ಕ್ರಮ ಶುರು ಮಾಡುವಂತಿಲ್ಲ. ಅಷ್ಟರೊಳಗೆ ಸರ್ಕಾರದ ಮಾನ್ಯತೆ ಪಡೆದ ಸಲಹೆಗಾರರು ಹಣ ಪಡೆಯದೆ ಮನೆಯವರ ಪಕ್ಕ ಕೂತು, ಆದಾಯ ಖರ್ಚು ಬರೆದು, ಸಾಲದವರ ಜೊತೆ ಮಾತಾಡುತ್ತಾರೆ. ಅಲ್ಲಿರುವ ನಮ್ಮವರು ಯಾರಾದರೂ ಈ ಕಷ್ಟದಲ್ಲಿದ್ದರೆ ಮೊದಲು ಹೋಗಬೇಕಾದ್ದು ಅವರ ಬಳಿ. ನಮ್ಮಲ್ಲಿ ಆ ಕುರ್ಚಿಯಲ್ಲಿ ಕೂರಲು ಬರುವವನು ಖಾಸಗಿ ಫೈನಾನ್ಸಿನವನು. ಹರಾಜಿನ ಪ್ರಕಟಣೆ ಓದಿಕೊಂಡೇ ಬರುತ್ತಾನೆ. ‘ಬ್ಯಾಂಕಿನದ್ದು ನಾನು ಕಟ್ಟುತ್ತೇನೆ, ಭದ್ರತೆಗೆ ಒಂದು ಕ್ರಯಪತ್ರ ಮಾಡಿಕೊಡಿ, ದುಡ್ಡು ಕೊಟ್ಟ ದಿನ ವಾಪಸು ಬರೆದುಕೊಡುತ್ತೇನೆ’ ಎನ್ನುತ್ತಾನೆ. ನೋಂದಣಿಯಾದ ಕ್ರಯಪತ್ರ ಕ್ರಯಪತ್ರವೇ. ಬಾಯಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಸಾಬೀತು ಮಾಡಲು ಅರ್ಧ ಆಯುಷ್ಯ ಬೇಕು. ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ತಂದ ಕಾನೂನು ನೋಂದಣಿಯಿಲ್ಲದ ಇಂಥ ಲೇವಾದೇವಿಯವರ ಮೇಲೆ ದೂರು ಕೊಡಲು ಉಪಯೋಗಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳ ಗೃಹಸಾಲಕ್ಕೆ ಅದು ಅನ್ವಯಿಸುವುದಿಲ್ಲ.

ದಾವಣಗೆರೆಯ ಮನೆಗೆ ಒಬ್ಬ ಶಿಕ್ಷಕ ದಂಪತಿ ಗಿರಾಕಿಯಾಗಿ ಬಂದರು. ಬ್ಯಾಂಕಿನಿಂದ ಬಾಕಿಯ ಪತ್ರ ಪಡೆದು, ಮಾರಾಟಕ್ಕೆ ಲಿಖಿತ ಒಪ್ಪಿಗೆ ಕೇಳಿದೆವು. ಮೊದಲ ಅಧಿಕಾರಿ ‘ಹರಾಜಿನಲ್ಲೇ ತೆಗೆದುಕೊಳ್ಳಲಿ’ ಎಂದರು. ಅರ್ಜಿ ಮೇಲಿನ ಕಚೇರಿಗೆ ಹೋಯಿತು, ಅದಕ್ಕೂ ಸೀಲು ಹಾಕಿಸಿಕೊಂಡಿದ್ದೆವು. ಹದಿನೇಳನೇ ದಿನ ಒಪ್ಪಿಗೆ ಬಂತು. ಕೊಂಡವರ ಹಣದಲ್ಲಿ 31 ಲಕ್ಷ ನೇರ ಸಾಲದ ಖಾತೆಗೆ, ಮಿಕ್ಕದ್ದು ಇವರ ಖಾತೆಗೆ. 53 ಲಕ್ಷಕ್ಕೆ ಆಯಿತು. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸು ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಎಂಬ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಅದನ್ನು ಅರ್ಜಿಯಲ್ಲೇ ಬರೆದಿದ್ದೆವು. ಪತ್ರಗಳು ಹನ್ನೊಂದನೇ ದಿನ ಬಂದವು.

ಕಾಗದ ತರಲು ಅವಳೇ ಹೋಗಿದ್ದಳು. ಕೌಂಟರಿನಲ್ಲಿ ಒಂದೊಂದು ಹಾಳೆಯನ್ನೂ ಪಟ್ಟಿಗೆ ತಾಳೆ ನೋಡಿ, ಋಣಭಾರ ಪತ್ರದಲ್ಲಿ ಅಡಮಾನ ತೆಗೆದುಹಾಕುವ ಕಾಗದವನ್ನೂ ಕೇಳಿ ಪಡೆದು, ಕೊಂಡ ಮೇಷ್ಟ್ರ ಕೈಗೆ ಕೊಟ್ಟು ಬಂದಳು. ಈಗ ಅವರಿರುವುದು ಎರಡು ಬೀದಿ ಆಚೆ, ಬಾಡಿಗೆ ಮನೆಯಲ್ಲಿ. ಅಂಚೆಯವನು ಬಂದರೆ ಲಕೋಟೆ ಒಡೆಯುವವಳು ಅವಳು.